ಕಣ್ಕಟ್ಟಿಗೆ ಕಣ್ಣು ಬೇಡವೆ?

ಕಳೆದ ಮಾಘಮಾಸದ ಒಂದು ಮುಂಜಾನೆ ಮಗ್ಗೆಯ ನಮ್ಮ ಮನೆಯ ಜಗಲಿಯಲ್ಲಿ ನಾನು ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿದ್ದಾಗ, ಹಳೆಯ ಶಿಷ್ಯನೊಬ್ಬ ಬಂದ. ತರಗತಿಯಲ್ಲಿ ನಾನು ಹಳಗನ್ನಡದ ಪದ್ಯವನ್ನು ಬಿಡಿಸಿ ಹೇಳುತ್ತಿದ್ದಾಗಲೆಲ್ಲ ಈ ಮಹಾನುಭಾವ ಬೆಂಚಿನ ಕೆಳಗೆ ಕೈಯಿಟ್ಟುಕೊಂಡು ಸೀಮೆಸುಣ್ಣದ ತುಂಡೊಂದನ್ನು ಬೆರಳಿನಿಂದ ಬೆರಳಿಗೆ ಉರುಳಿಸುತ್ತಿದ್ದ. ಅದಕ್ಕಾಗಿ ನಾನು ಅವನನ್ನು ಬೈದದ್ದುಂಟು. ಒಂದೆರಡು ಸಲ ಹೊರಗೆ ನಿಲ್ಲಿಸಿದ್ದೂ ಉಂಟು. ಈಗ ಅವನು ಹಾಸನದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಬಿಡುವಾದಾಗ ಆಲೂರು, ಸಕಲೇಶಪುರದ ಕಡೆಯ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಜಾದೂ ಮಾಡುತ್ತಾನೆ. ನಾನು ಕಲಿಸಿದ ಪದ್ಯಗಳು ಅವನಿಗೆ ಮರೆತುಹೋಗಿವೆ. ಸೀಮೆಸುಣ್ಣ ಕಲಿಸಿದ್ದು ಉಳಿದಿದೆ.

ಕುಶಲಪ್ರಶ್ನೆಗಳಾದ ಮೇಲೆ ಅವನು ಜೇಬಿನಿಂದ ಮೊಬೈಲು ತೆಗೆದು ಕೇಳಿದ: "ಮೇಷ್ಟ್ರೆ, ಒಂದು ವಿಷಯ ತೀರ್ಮಾನವಾಗದೆ ಒದ್ದಾಡ್ತಾ ಇದೀನಿ. ಆಟವನ್ನು ಚಿತ್ರ ಹಿಡಿಯುವಾಗ ನೋಡುವ ಜನಾನೂ ಅದರಲ್ಲಿ ಇರಬೇಕೊ, ಬೇಡವೊ?"

ನನಗೆ ಮೊದಲು ಪ್ರಶ್ನೆಯೇ ತಿಳಿಯಲಿಲ್ಲ. ಜಾದೂಗಾರನಾದವನು ತನ್ನ ಆಟವನ್ನು ಚಿತ್ರ ಹಿಡಿಯುವುದಾದರೂ ಏತಕ್ಕೆ? ಗುಟ್ಟನ್ನು ಕಾಪಾಡಿಕೊಂಡು ಬದುಕುವ ಮನುಷ್ಯ, ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೂರು ಸಲ ನೋಡಬಹುದಾದ ಯಂತ್ರದ ಬಾಯಿಗೆ ತಾನಾಗಿಯೇ ತಲೆಕೊಡುವುದೆಂದರೇನು? ಈ ಸಂದೇಹಕ್ಕೆ ಅವನು ಹೇಳಿದ ಉತ್ತರ ನನಗೆ ಹೊಸತಾಗಿತ್ತು. ಕನ್ನಡಿಯ ಮುಂದೆ ಅಭ್ಯಾಸ ಮಾಡುವ ಜಾದೂಗಾರನಿಗೆ ಒಂದು ವಿಚಿತ್ರವಾದ ಚಾಳಿ ಅಂಟಿಕೊಳ್ಳುತ್ತದಂತೆ. ನಾಣ್ಯವನ್ನು ಮರೆಮಾಡುವ ಆ ಒಂದು ಕ್ಷಣದಲ್ಲಿ ಅವನಿಗೇ ಅರಿವಿಲ್ಲದಂತೆ ಅವನ ರೆಪ್ಪೆ ಮುಚ್ಚಿಕೊಳ್ಳುತ್ತದೆ. ತನ್ನ ಮೋಸವನ್ನು ತಾನೇ ನೋಡಲು ಮನಸ್ಸು ಒಪ್ಪದು. ಕೈ ಸಾಫಾಗಿದೆಯೆಂದು ನಂಬಿ ಸಭೆಗೆ ಹೋದರೆ, ಮುಂದಿನ ಸಾಲಿನ ಹುಡುಗ "ಕಂಡಿತು, ಕಂಡಿತು" ಎಂದು ಕೂಗಿದಾಗಲೇ ಎಚ್ಚರವಾಗುವುದು. ಕ್ಯಾಮೆರಾಕ್ಕೆ ರೆಪ್ಪೆಯಿಲ್ಲ. ಅದು ಶಿಷ್ಯನನ್ನು ಮುದ್ದಿಸದ ಗುರು.

ಇನ್ನುಳಿದ ಕಾರಣಗಳು ಸಾಮಾನ್ಯವಾದುವು. ಕರೆಸುವ ಶಾಲೆಯವರು "ಏನು ಮಾಡುತ್ತೀರಿ, ಮೊದಲು ತೋರಿಸಿ" ಎನ್ನುತ್ತಾರೆ. ತಾನು ಕಟ್ಟಿದ ಹೊಸ ಆಟವನ್ನು ನಾಳೆ ಇನ್ನೊಬ್ಬ ತನ್ನದೆಂದರೆ ತಾರೀಖಿನ ಸಮೇತ ಒಂದು ಪುರಾವೆ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಆಟ ನೋಡಲು ಯಾರೂ ಬರುವುದಿಲ್ಲ. ಚಿತ್ರವಾದರೆ ಮನೆಮನೆಗೆ ತಾನೇ ಹೋಗುತ್ತದೆ. ಇವೆಲ್ಲ ಸರಿಯೇ. ಅವನ ಗೋಳು ಬೇರೆಯದಾಗಿತ್ತು.

ಅವನು ಮೊದಲು ತೆಗೆದ ಚಿತ್ರದಲ್ಲಿ ಜನರಿಲ್ಲ. ಒಂದು ಮೇಜು, ಮೂರು ಹಿತ್ತಾಳೆ ಬಟ್ಟಲು, ನಾಲ್ಕು ಕಾಫಿಬೀಜ, ಎರಡು ಕೈ. ಬೀಜಗಳು ಬಟ್ಟಲಿನಿಂದ ಬಟ್ಟಲಿಗೆ ಓಡಾಡುತ್ತವೆ. ಕೊನೆಗೆ ಮೂರರ ಕೆಳಗಿನಿಂದಲೂ ಕಾಫಿಹಣ್ಣಿನ ರಾಶಿ ಹೊರಬೀಳುತ್ತದೆ. ನಾನು ಬೆರಗಾದೆ. ಆದರೆ ಆ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಡಿದಾಗ ನೋಡಿದವರು ಹೇಳಿದ್ದು ಒಂದೇ ಮಾತು: ಇದು ಕತ್ತರಿಸಿ ಅಂಟಿಸಿದ್ದು. ಎರಡು ವರ್ಷ ಬೆರಳು ಸವೆಸಿ ಕಲಿತ ವಿದ್ಯೆಯನ್ನು ಜನ ಒಂದೇ ಮಾತಿನಲ್ಲಿ ಯಂತ್ರದ ಲೆಕ್ಕಕ್ಕೆ ಜಮಾ ಮಾಡಿಬಿಟ್ಟರು.

ಆದುದರಿಂದ ಎರಡನೆಯ ಚಿತ್ರವನ್ನು ಅವನು ಜನರ ನಡುವೆ ತೆಗೆದ. ಬಟವಾಡೆಯ ದಿನ, ಸಂಜೆ, ಪರಿಚಯದವರ ತೋಟದ ಕಾಫಿ ಕಣ. ಹಣ್ಣು ಕುಯ್ದು ಬಂದ ಆಳುಗಳು ಕೂಲಿ ಎಣಿಸಿಕೊಂಡು ನಿಂತಿದ್ದಾರೆ. ಇವನು ಒಬ್ಬ ಮುದುಕಿಯ ಕೈಯಿಂದ ಐನೂರರ ನೋಟೊಂದನ್ನು ಕೇಳಿ ಪಡೆದು, ಮಡಿಸಿ, ಬೆಂಕಿ ಹಚ್ಚುತ್ತಾನೆ. ನೋಟು ಉರಿಯುತ್ತದೆ. ಆಕೆ ಒಮ್ಮೆ ಕೂಗಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಕಣದ ಮೇಲೆಯೇ ಕುಸಿದು ಕೂರುತ್ತಾಳೆ. ಮೂರು ಕ್ಷಣ, ಹೆಚ್ಚೆಂದರೆ ನಾಲ್ಕು. ಆಮೇಲೆ ಆಕೆಯ ಎಲೆಯಡಿಕೆಯ ಚೀಲದೊಳಗಿನಿಂದಲೇ ನೋಟು ಹೊರಗೆ ಬರುತ್ತದೆ. ಎಲ್ಲರೂ ನಗುತ್ತಾರೆ, ಆಕೆಯೂ ನಗುತ್ತಾಳೆ. ಈ ಚಿತ್ರವನ್ನು ಯಾರೂ ಅನುಮಾನಿಸಲಿಲ್ಲ. ಸಾವಿರಾರು ಜನ ನೋಡಿದರು. ಮತ್ತೆ ಮತ್ತೆ ನೋಡಿದರು. ಅವರು ಮತ್ತೆ ನೋಡಿದ್ದು ನೋಟು ಮರಳಿದ್ದನ್ನಲ್ಲ, ಮುದುಕಿ ಕುಸಿದದ್ದನ್ನು.

ವಾರದೊಳಗೆ ಆಕೆಯ ಮೊಮ್ಮಗ ಎಲ್ಲಿಂದಲೋ ಅದನ್ನು ಆಕೆಗೆ ತೋರಿಸಿದನಂತೆ. ಆಕೆ ಇವನ ಮನೆಗೇ ನಡೆದುಬಂದು ಕೇಳಿದಳಂತೆ: "ನಾನು ಅತ್ತಿದ್ದ ಎಷ್ಟು ಜನ ನೋಡವ್ರೆ ಮಗ?" ಅದಕ್ಕೆ ಏನು ಹೇಳಬೇಕೆಂದು ತೋಚದೆ ಅವನು ನನ್ನಲ್ಲಿಗೆ ಬಂದಿದ್ದ. ನಾನೂ ಆಗ ಏನೂ ಹೇಳಲಿಲ್ಲ. ಒಂದು ವಾರ ಬಿಟ್ಟು ಬಾ ಎಂದೆ. ಮೇಷ್ಟರಾದವರಿಗೆ ಉತ್ತರ ತಿಳಿಯದಿದ್ದಾಗ ವಾಯಿದೆ ಕೇಳುವ ಅಭ್ಯಾಸವಿರುತ್ತದೆ.

ಆ ವಾರವೆಲ್ಲ ಇದೇ ಯೋಚನೆ. ಕಣ್ಕಟ್ಟು ಎಂಬ ನಮ್ಮ ಮಾತನ್ನೇ ಬಿಡಿಸಿ ನೋಡಿದೆ. ಇಂದ್ರಜಾಲವೆಂದರೆ ಬೀಸುವವನ ಬಲೆ. ಯಕ್ಷಿಣಿಯೆಂದರೆ ಆಟಗಾರನ ವಶದಲ್ಲಿರುವುದೆಂದು ಜನ ನಂಬಿದ ಒಂದು ಶಕ್ತಿ. ಗಾರುಡಿ ಹಾವಾಡಿಗನ ನೆಂಟಸ್ತಿಕೆಯುಳ್ಳದ್ದು; ಜಾದೂ ಪಾರಸಿಯಿಂದ ಬಂದದ್ದು. ಇವೆಲ್ಲ ಮಾಡುವವನ ಕಡೆಯಿಂದ ಹುಟ್ಟಿದ ಹೆಸರುಗಳು. ಕಣ್ಕಟ್ಟು ಎಂಬ ಅಚ್ಚಗನ್ನಡದ ಮಾತೊಂದೇ ನೋಡುವವನ ಕಡೆಯಿಂದ ಹುಟ್ಟಿದ್ದು. ಕಟ್ಟಬೇಕಾದರೆ ಒಂದು ಕಣ್ಣು ಬೇಕು. ಆ ಕಣ್ಣು ಇನ್ನೊಬ್ಬರದಾಗಿರಬೇಕು. ಬಯಲುಸೀಮೆಯ ಹಳ್ಳಿಗಳ ಮೋಡಿ ಆಟದಲ್ಲಿ ಒಬ್ಬನು ಅಡಗಿಸಿಟ್ಟದ್ದನ್ನು ಇನ್ನೊಬ್ಬನು ಎತ್ತಬೇಕು; ಅದೂ ಊರೆಲ್ಲ ಸುತ್ತ ನಿಂತಿರುವಾಗ. ಊರಿಲ್ಲದ ಮೋಡಿಯನ್ನು ಊಹಿಸಲಾಗದು.

ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಒಂದು ದೃಷ್ಟಾಂತ ಕೊಡುತ್ತಾರೆ. ಕತ್ತಿ ಗುರಾಣಿಗಳನ್ನು ಹಿಡಿದು ಹಗ್ಗದ ಮೇಲೆ ಆಕಾಶಕ್ಕೇರುವಂತೆ ಕಾಣುವ ಮಾಯಾವಿ ಬೇರೆ. ನೆಲದ ಮೇಲೆಯೇ ನಿಂತಿರುವ ನಿಜವಾದ ಮಾಯಾವಿ ಬೇರೆ. ಆಚಾರ್ಯರಿಗೆ ಬೇಕಾಗಿದ್ದದ್ದು ವೇದಾಂತ. ಆದರೆ ಈ ದೃಷ್ಟಾಂತವನ್ನು ಓದುವಾಗಲೆಲ್ಲ ನನಗೆ ಅನ್ನಿಸುವುದುಂಟು: ಅಲ್ಲೊಂದು ಕ್ಯಾಮೆರಾ ಇದ್ದಿದ್ದರೆ ಅದು ಯಾವ ಮಾಯಾವಿಯನ್ನು ಹಿಡಿಯುತ್ತಿತ್ತು?

ಈ ಪ್ರಶ್ನೆಯನ್ನು ಅಮೆರಿಕದ ಪತ್ರಿಕೆಯೊಂದು ನಿಜವಾಗಿಯೂ ಕೇಳಿತ್ತು. 1890ರ ಆಗಸ್ಟಿನಲ್ಲಿ 'ಷಿಕಾಗೋ ಟ್ರಿಬ್ಯೂನ್' ಒಂದು ವೃತ್ತಾಂತವನ್ನು ಅಚ್ಚುಹಾಕಿತು. ಇಬ್ಬರು ತರುಣರು ಹಿಂದೂಸ್ಥಾನದಲ್ಲಿ ಒಬ್ಬ ಫಕೀರನ ಆಟ ನೋಡುತ್ತಾರೆ. ಅವನು ನೂಲಿನ ಉಂಡೆಯನ್ನು ಆಕಾಶಕ್ಕೆಸೆಯುತ್ತಾನೆ. ಹುಡುಗನೊಬ್ಬ ಅದನ್ನು ಹತ್ತಿ ಮಾಯವಾಗುತ್ತಾನೆ. ತರುಣರಲ್ಲಿ ಒಬ್ಬ ಕಂಡದ್ದನ್ನು ಕಂಡಹಾಗೆ ಚಿತ್ರ ಬರೆಯುತ್ತಾನೆ. ಇನ್ನೊಬ್ಬ ಕೊಡಾಕ್ ಕ್ಯಾಮೆರಾದಿಂದ ಫೋಟೋ ಹಿಡಿಯುತ್ತಾನೆ. ಬರೆದ ಚಿತ್ರದಲ್ಲಿ ನೂಲೂ ಇದೆ, ಹುಡುಗನೂ ಇದ್ದಾನೆ. ಫೋಟೋದಲ್ಲಿ ಇರುವುದು ನೆಲದ ಮೇಲೆ ಸುಮ್ಮನೆ ಕುಳಿತ ಫಕೀರ, ಮತ್ತು ಅವನ ಸುತ್ತ ನಿಂತ ಜನ! ಇಡೀ ಗುಂಪಿಗೆ ಮಂಕು ಕವಿಸಿದ್ದಾನೆಂದು ಲೇಖನದ ಇಂಗಿತ. ನಾಲ್ಕು ತಿಂಗಳಾದ ಮೇಲೆ ಪತ್ರಿಕೆ ಇದೆಲ್ಲ ಕಟ್ಟುಕತೆಯೆಂದು ಒಪ್ಪಿಕೊಂಡಿತು. ಬರೆದವನು ಜಾನ್ ಎಲ್ಬರ್ಟ್ ವಿಲ್ಕಿ ಎಂಬ ಪತ್ರಕರ್ತ. ಆದರೆ ತಪ್ಪೊಪ್ಪಿಗೆಯನ್ನು ಓದಿದವರಾರು? ಕತೆ ಮಾತ್ರ ಲೋಕವನ್ನೆಲ್ಲ ಸುತ್ತಿತು; ಹಗ್ಗದಾಟಕ್ಕೆ ಪಶ್ಚಿಮದಲ್ಲಿ ಬಂದ ಖ್ಯಾತಿ ಬಹುಮಟ್ಟಿಗೆ ಈ ಸುಳ್ಳಿನಿಂದಲೇ. ಸುಳ್ಳಾದರೂ ಅದರೊಳಗೆ ಒಂದು ಸೂಕ್ಷ್ಮವಿದೆ. ಆಟ ನಡೆದದ್ದು ನೋಡುವವರ ಕಣ್ಣಿನೊಳಗೆ. ಅವರನ್ನು ಕಳೆದರೆ ಉಳಿಯುವುದು ನೆಲದ ಮೇಲೆ ಕುಳಿತ ಒಬ್ಬ ಮನುಷ್ಯ.

ಹಾಗೆಂದು ಕ್ಯಾಮೆರಾದ ಕಣ್ಣನ್ನು ಕಟ್ಟಲಾಗದೆಂದು ತಿಳಿಯಬಾರದು. 1936ರ ಜೂನ್ ತಿಂಗಳಲ್ಲಿ ಲಂಡನ್ನಿನ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ದಕ್ಷಿಣ ಭಾರತದ ತೋಟವೊಂದರಲ್ಲಿ ತೆಗೆದ ಫೋಟೋಗಳನ್ನು ಪ್ರಕಟಿಸಿತು. ಸುಬ್ಬಯ್ಯ ಪುಲ್ಲವರ್ ಎಂಬಾತ ನಡುಹಗಲಿನಲ್ಲಿ, ಸುಮಾರು 150 ಜನರ ಎದುರಿಗೆ, ಬಟ್ಟೆ ಸುತ್ತಿದ ಒಂದು ಕೋಲಿನ ಮೇಲೆ ಕೈಯನ್ನಷ್ಟೇ ಊರಿ ಗಾಳಿಯಲ್ಲಿ ಅಡ್ಡ ಮಲಗಿದ್ದಾನೆ. ಇಲ್ಲಿ ಕ್ಯಾಮೆರಾ ಕಂಡದ್ದೂ ಜನ ಕಂಡದ್ದೂ ಒಂದೇ. ಏಕೆಂದರೆ ಮೇಲೇಳುವಾಗಲೂ ಇಳಿಯುವಾಗಲೂ ಅವನ ಸುತ್ತ ಒಂದು ಗುಡಾರ ಇಳಿಬಿಟ್ಟಿತ್ತು. ಕೋಲಿನ ವಿಷಯ ಜಾದೂಗಾರರು ಏನೇನೋ ಹೇಳುತ್ತಾರೆ. ಬೇರೆಯವರ ಹೊಟ್ಟೆಪಾಡಿನ ಗುಟ್ಟನ್ನು ಬಿಚ್ಚುವ ಕೆಲಸ ನನಗೆ ಬೇಡ.

ಚಲಚ್ಚಿತ್ರ ಬಂದಮೇಲೆ ಮಾತ್ರ ಸಂಗತಿಯೇ ಬೇರೆಯಾಯಿತು. ಅದನ್ನು ಬೇರೆ ಮಾಡಿದವನು ಒಬ್ಬ ಜಾದೂಗಾರನೇ. ಪ್ಯಾರಿಸಿನ ಜಾರ್ಜ್ ಮೆಲಿಯೆ ಜಾದೂ ನಾಟಕಶಾಲೆಯೊಂದರ ಒಡೆಯ. 1895ರ ಡಿಸೆಂಬರ್ 28ರಂದು ಲೂಮಿಯೇರ್ ಸಹೋದರರ ಚಿತ್ರಗಳನ್ನು ಕಂಡವರಲ್ಲಿ ಅವನೂ ಒಬ್ಬ. ಮರುವರ್ಷವೇ ಅವನು ಹೆಂಗಸನ್ನು ಮಾಯಮಾಡುವ ಒಂದು ಪ್ರಸಿದ್ಧ ಆಟವನ್ನು ಚಿತ್ರವಾಗಿ ತೆಗೆದ. ರಂಗದ ಮೇಲೆ ಆ ಆಟವಾಡುವಾಗ ಕುರ್ಚಿಯ ಕೆಳಗೆ ವೃತ್ತಪತ್ರಿಕೆಯೊಂದನ್ನು ಹಾಸುತ್ತಿದ್ದರು, ನೆಲದಲ್ಲಿ ಕಂಡಿಯಿಲ್ಲವೆಂದು ಸಭಿಕರಿಗೆ ಖಾತ್ರಿಪಡಿಸಲು. ಚಿತ್ರದಲ್ಲಿ ಅದರ ಅಗತ್ಯವೇ ಇಲ್ಲ. ಯಂತ್ರವನ್ನು ನಿಲ್ಲಿಸಿ, ಹೆಂಗಸು ಎದ್ದುಹೋದ ಮೇಲೆ ಮತ್ತೆ ತಿರುಗಿಸಿದರಾಯಿತು. ಆದರೂ ಮೆಲಿಯೆ ಪತ್ರಿಕೆಯನ್ನು ಬಿಡಿಸಿ ನೀಟಾಗಿ ಹಾಸುತ್ತಾನೆ. ಹೆಂಗಸು ಹೋಗಿ, ಅಸ್ಥಿಪಂಜರ ಬಂದು, ಮತ್ತೆ ಹೆಂಗಸಾದ ಮೇಲೆ ಇಬ್ಬರೂ ಬಾಗಿ ವಂದಿಸುತ್ತಾರೆ. ಯಾರಿಗೆ? ಎದುರಿಗೆ ಒಬ್ಬರೂ ಇಲ್ಲ. ಈ ಒಂದು ನಿಮಿಷದ ಚಿತ್ರವನ್ನು ನೋಡುವಾಗ ನನ್ನ ಮನಸ್ಸಿಗೆ ನಾಟುವುದು ಮಾಯವಾದ ಹೆಂಗಸಲ್ಲ. ಆ ಪತ್ರಿಕೆ ಮತ್ತು ಆ ವಂದನೆ.

ನಮ್ಮ ಸಿನಿಮಾದ ಮೂಲಪುರುಷರಾದ ದಾದಾಸಾಹೇಬ ಫಾಳ್ಕೆಯವರೂ ಜಾದೂಗಾರರಾಗಿದ್ದವರು. ಜರ್ಮನ್ ಐಂದ್ರಜಾಲಿಕನೊಬ್ಬನಿಂದ ವಿದ್ಯೆ ಕಲಿತು, ತಮ್ಮ ಹೆಸರನ್ನೇ ತಿರುವುಮುರುವು ಮಾಡಿ 'ಪ್ರೊಫೆಸರ್ ಕೇಲ್ಫಾ' ಎಂಬ ಬಿರುದಿನಿಂದ ಪ್ರದರ್ಶನ ಕೊಟ್ಟವರು. 1919ರ 'ಕಾಳಿಯ ಮರ್ದನ'ದಲ್ಲಿ ಅವರು ಮಾಡಿದ್ದನ್ನು ಗಮನಿಸಬೇಕು. ಮೊದಲಿಗೇ ಬಾಲಕೃಷ್ಣನ ಪಾತ್ರದ ತಮ್ಮ ಮಗಳು ಮಂದಾಕಿನಿಯ ಮುಖವನ್ನು ತೋರಿಸಿ, ಬಗೆಬಗೆಯ ಭಾವಗಳನ್ನು ಅವಳಿಂದ ಮಾಡಿಸುತ್ತಾರೆ. ಇವಳು ನಿಜವಾದ ಹುಡುಗಿ, ನೋಡಿಕೊಳ್ಳಿ ಎನ್ನುವಂತೆ. ಆಮೇಲೆ ಮಡುವಿನಲ್ಲಿ ಕೃಷ್ಣ ಕಾಳಿಯನೊಡನೆ ಸೆಣಸುವಾಗ ದಡದ ಮೇಲೆ ನಿಂತು ತಳಮಳಿಸುವ ಗೋಕುಲದ ಜನರನ್ನು ನಡುನಡುವೆ ತೋರಿಸುತ್ತಾರೆ. ನೀರಿನೊಳಗಿನದು ಯಂತ್ರದ ಚಮತ್ಕಾರವೆಂದು ಬಲ್ಲ ಪ್ರೇಕ್ಷಕನೂ ದಡದ ಮೇಲಿನವರ ಕಳವಳವನ್ನು ಕಂಡು ತಾನೂ ಕಳವಳಗೊಳ್ಳುತ್ತಾನೆ. ಮಾಯೆಯನ್ನು ನಂಬಿಸಬೇಕಾದರೆ ನಂಬಿದವರನ್ನು ತೋರಿಸಬೇಕೆಂಬುದು ಆ ಹಳೆಯ ಜಾದೂಗಾರರಿಗೆ ಗೊತ್ತಿತ್ತು.

ನಮ್ಮ ಹಾಸನ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, ಉಡುಪಿಯ ಬಳಿಯ ಉದ್ಯಾವರದ ಬಿ. ವಿಠಲಾಚಾರ್ಯರು ಅರಸೀಕೆರೆಯಲ್ಲಿ ಹೊಟೆಲು ನಡೆಸಿ, ಟೂರಿಂಗ್ ಟಾಕೀಸು ಕಟ್ಟಿಕೊಂಡು ಈ ಸೀಮೆಯಲ್ಲೆಲ್ಲ ತಿರುಗಿ, ಕಡೆಗೆ ತಾವೇ ಚಿತ್ರ ತೆಗೆಯುವವರಾದರು. ಮುಂದೆ ಅವರ ಚಿತ್ರಗಳಲ್ಲಿ ದೆವ್ವಗಳು ಕುಣಿದುವು, ಮನುಷ್ಯರು ಪ್ರಾಣಿಗಳಾದರು. ಡೇರೆಯ ನೆಲದ ಮೇಲೆ ಕುಳಿತು ಅಂಥ ಚಿತ್ರಗಳನ್ನು ನೋಡಿ ಹೆದರಿದವರಲ್ಲಿ ನಾನೂ ಒಬ್ಬ. ಆದರೆ ಹೆದರಿದೆವೇ ಹೊರತು 'ಅದು ಹೇಗಾಯಿತು?' ಎಂದು ಯಾರೂ ಕೇಳಲಿಲ್ಲ. ಸಿನಿಮಾದಲ್ಲಿ ಎಲ್ಲವೂ ಆಗುತ್ತದೆ. ಎಲ್ಲವೂ ಆಗುವ ಕಡೆ ಜಾದೂಗಾರನಿಗೆ ಕೆಲಸವಿಲ್ಲ. ಆಗದಿರುವುದು ಆಯಿತೆನ್ನುವುದೇ ಅವನ ಬಂಡವಾಳ. ಬೀಗ ಸರಪಳಿಗಳನ್ನು ಹರಿದು ಹೊರಬರುವುದರಲ್ಲಿ ಜಗತ್ಪ್ರಸಿದ್ಧನಾಗಿದ್ದ ಹೂಡಿನಿ ಸಿನಿಮಾಕ್ಕೆ ಇಳಿದು, ನಾಲ್ಕಾರು ಚಿತ್ರಗಳಾದ ಮೇಲೆ 1923ರ ಹೊತ್ತಿಗೆ ಅದನ್ನು ಕೈಬಿಟ್ಟ. ಬೆಳ್ಳಿತೆರೆಯ ಮೇಲೆ ಯಾವ ನಾಯಕ ತಾನೇ ಸರಪಳಿ ಹರಿಯುವುದಿಲ್ಲ?

ಹೀಗಾಗಿ ಟೆಲಿವಿಷನ್ ಬಂದಾಗ ಜಾದೂಗಾರರು ಪ್ರೇಕ್ಷಕರನ್ನು ಜಾಮೀನಿಗೆ ಕರೆತಂದರು. 1960ರಲ್ಲಿ ಅಮೆರಿಕದಲ್ಲಿ ಮಾರ್ಕ್ ವಿಲ್ಸನ್ ಎಂಬಾತ ವಾರವಾರವೂ ಮ್ಯಾಜಿಕ್ ತೋರಿಸಲು ತೊಡಗಿದಾಗ ತನಗೆ ತಾನೇ ಕಟ್ಟುಪಾಡು ಹಾಕಿಕೊಂಡ: ಎದುರಿಗೆ ನಿಜವಾದ ಸಭೆಯಿರಬೇಕು, ಆಟದ ನಡುವೆ ಕ್ಯಾಮೆರಾ ಕಣ್ಣು ತಪ್ಪಿಸಬಾರದು. ಇದು ಗೌರವವಾದ ಮಾರ್ಗ. 1983ರ ಏಪ್ರಿಲ್‌ನಲ್ಲಿ ಡೇವಿಡ್ ಕಾಪರ್‌ಫೀಲ್ಡ್ ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನೇ ಮಾಯ ಮಾಡಿದಾಗಲೂ ಅಲ್ಲೊಂದು ಪುಟ್ಟ ಸಭೆಯನ್ನು ಕೂರಿಸಿದ್ದ. ಆ ಆಟ ನನಗೇನೋ ರುಚಿಸದು. ಪ್ರತಿಮೆ ದೊಡ್ಡದಾದಷ್ಟೂ ಅನುಮಾನ ದೊಡ್ಡದಾಗುತ್ತದೆ. ಸಭೆಯ ಮೇಲೆಯೇ ಅನುಮಾನ ಹುಟ್ಟುತ್ತದೆ. ಜಾಮೀನುದಾರನನ್ನು ಕೊಂಡುಕೊಳ್ಳಬಹುದೆಂಬುದು ಆಲೂರಿನ ಕೋರ್ಟಿಗೆ ಒಮ್ಮೆ ಹೋಗಿಬಂದವರಿಗೆಲ್ಲ ಗೊತ್ತು. ಆದ್ದರಿಂದ ಪ್ರೇಕ್ಷಕರು ಚಿತ್ರದಲ್ಲಿರಬೇಕಾದದ್ದು ಸಾಕ್ಷಿ ಹೇಳುವುದಕ್ಕಾದರೆ, ಅವರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಹಾಗಾದರೆ ಅವರೇ ಬೇಡವೆನ್ನೋಣವೆ? ಬೇಡವೆನ್ನುವವರಿಗೆ ನಮ್ಮ ದೇಶದವರೇ ಆದ ಪಿ. ಸಿ. ಸರ್ಕಾರರು ಒಂದು ಬಲವಾದ ಆಧಾರ. 1956ರ ಏಪ್ರಿಲ್ 9ರ ರಾತ್ರಿ ಬಿ.ಬಿ.ಸಿ.ಯ 'ಪನೋರಮಾ' ಕಾರ್ಯಕ್ರಮದಲ್ಲಿ ಅವರು ಹದಿನೇಳು ವರ್ಷದ ಸಹಾಯಕಿಯನ್ನು ಮೇಜಿನ ಮೇಲೆ ಮಲಗಿಸಿ, ಗರಗರನೆ ತಿರುಗುವ ವಿದ್ಯುತ್ ಗರಗಸದಿಂದ ನಡುವಿಗೆ ಕೊಯ್ದರು. ಕೊಯ್ದ ಮೇಲೆ ಅವಳನ್ನು ಎಬ್ಬಿಸಲು ನೋಡಿದರು. ಅವಳು ಏಳಲಿಲ್ಲ. ಸರ್ಕಾರರು ತಲೆಯಾಡಿಸಿ ಅವಳ ಮುಖಕ್ಕೆ ಕರಿಯ ಬಟ್ಟೆ ಮುಚ್ಚಿದರು. ಅಷ್ಟರಲ್ಲಿ ನಿರೂಪಕ ರಿಚರ್ಡ್ ಡಿಂಬಲ್ಬಿ ಕ್ಯಾಮೆರಾದ ಮುಂದೆ ಬಂದು ಕಾರ್ಯಕ್ರಮ ಮುಗಿಯಿತೆಂದು ಸಾರಿದ. ಇಂಗ್ಲೆಂಡಿನ ಮನೆಮನೆಯಲ್ಲೂ ಜನ ಹೌಹಾರಿದರು. ಹುಡುಗಿ ಸತ್ತಳೆಂದು ನಂಬಿ ಟೆಲಿಫೋನು ಮಾಡಿದವರಿಂದ ಬಿ.ಬಿ.ಸಿ.ಯ ತಂತಿಗಳೆಲ್ಲ ಕಟ್ಟಿಹೋದುವು. ಕಾಲ ಮೀರಿದುದರಿಂದ ಹಾಗಾಯಿತೆಂದು ಸಮಾಧಾನ ಹೇಳಲಾಯಿತು. ಕಾಲದ ವಿಷಯದಲ್ಲಿ ಸರ್ಕಾರರು ಬಹಳ ಖಚಿತರೆಂದು ಬಲ್ಲವರು ಮುಗುಳ್ನಕ್ಕರು. ಹುಡುಗಿ ಕ್ಷೇಮವಾಗಿದ್ದಳು, ಲಂಡನ್ನಿನಲ್ಲಿ ಅವರ 'ಇಂದ್ರಜಾಲ' ಪ್ರದರ್ಶನದ ಟಿಕೀಟುಗಳು ಬಿಸಿದೋಸೆಯಂತೆ ಖರ್ಚಾದುವು.

ಅಂದು ಮನೆಯಲ್ಲಿ ಕುಳಿತವನಿಗೆ ನಂಬಿಕೆ ಹುಟ್ಟಲು ಇನ್ನೊಬ್ಬ ಪ್ರೇಕ್ಷಕನ ಮುಖ ಬೇಕಾಗಲಿಲ್ಲ. ಗರಗಸ ತಿರುಗುವ ಕ್ಷಣವೂ ಅವನು ನೋಡುವ ಕ್ಷಣವೂ ಒಂದೇ ಆಗಿತ್ತು, ನಡುವೆ ಕತ್ತರಿಯಿರಲಿಲ್ಲ. ಅವನು ಎದ್ದು ಟೆಲಿಫೋನು ಮಾಡಬಹುದಾಗಿತ್ತು, ಮಾಡಿದ. ಅವನೇ ಆ ಆಟದ ಪ್ರೇಕ್ಷಕ. ಆದರೆ ಇಂದು ತೆಗೆದು ನಾಳೆ ಕಳಿಸುವ ಚಿತ್ರಕ್ಕೆ ಈ ಮಾತು ಸಲ್ಲದು. ಅದನ್ನು ನೋಡುವವನು ಆಟ ಮುಗಿದ ಮೇಲೆ ಬಂದವನು. ಅವನ ಕೂಗು ಯಾರಿಗೂ ತಲಪದು.

ಇಷ್ಟೆಲ್ಲ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇದು. 1997ರಲ್ಲಿ ಡೇವಿಡ್ ಬ್ಲೇನ್ ಎಂಬ ಅಮೆರಿಕದ ತರುಣ ಬೀದಿಯ ಜನರೆದುರು ಆಟವಾಡಿ, ಕ್ಯಾಮೆರಾವನ್ನು ತನ್ನ ಕೈಯಿಂದ ತಿರುಗಿಸಿ ನೋಡುವವರ ಮುಖದ ಮೇಲೆ ಇಟ್ಟ. ಜನ ಕೂಗುವುದು, ಓಡುವುದು, ಬಾಯಿಗೆ ಕೈಯಿಟ್ಟುಕೊಳ್ಳುವುದು, ಇದೇ ಕಾರ್ಯಕ್ರಮವಾಯಿತು. ಅಲ್ಲಿಂದೀಚೆಗೆ ಆಟಕ್ಕಿಂತ ಮುಖವೇ ಮುಖ್ಯವಾಗಿದೆ. ನನ್ನ ಶಿಷ್ಯ ಯಾರಿಂದ ಕಲಿತನೋ ಅರಿಯೆ, ಅವನೂ ಅದನ್ನೇ ಮಾಡಿದ್ದ. ಮುದುಕಿಯ ಮುಖ ಅವನ ಆಟದ ಅರ್ಧ ಭಾಗ. ಆ ಅರ್ಧ ಅವನದಲ್ಲ.

ನಾನು ಒಂಬತ್ತು ವರ್ಷದವನಾಗಿದ್ದಾಗಿನ ಒಂದು ಸಂಗತಿ ಇಲ್ಲಿ ಹೇಳಬೇಕು. ಕಾಫಿ ಕುಯಿಲು ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲಕ್ಕೆ ಸರಿಯಾಗಿ ನಮ್ಮೂರಿಗೆ ಒಬ್ಬ ಗಾರುಡಿಗ ಬರುತ್ತಿದ್ದ. ಅತ್ತಿಮರದ ಕೆಳಗೆ ಗೋಣಿ ಹಾಸಿ, ಡಮರು ಬಾರಿಸಿ, ಮಾವಿನ ಓಟೆಯಿಂದ ಗಿಡ ಎಬ್ಬಿಸುವನು. ಅವನಿಗೆ ರಂಗವಿರಲಿಲ್ಲ, ಪರದೆಯಿರಲಿಲ್ಲ. ನಾಲ್ಕು ಕಡೆಯಿಂದಲೂ ಜನ. ಬೆನ್ನ ಹಿಂದೆಯೂ ಜನ! ಅಂಥವನ ಚಿತ್ರ ಹಿಡಿಯಬೇಕಾದರೆ ಪ್ರೇಕ್ಷಕರು ಬೇಕೊ ಬೇಡವೊ ಎಂಬ ಪ್ರಶ್ನೆಯೇ ಏಳುವುದಿಲ್ಲ. ಎಲ್ಲಿ ನಿಂತು ಹಿಡಿದರೂ ಅ೦ಚಿನಲ್ಲಿ ಅರ್ಧ ಊರು ಬಿದ್ದೇ ಬೀಳುತ್ತದೆ.

ಆ ದಿನ ಅಮ್ಮ ಉಪ್ಪು ಸೀಮೆಎಣ್ಣೆಗೆಂದು ಕೊಟ್ಟಿದ್ದ ಎಂಟಾಣೆ ನನ್ನ ಕೈಯಲ್ಲಿತ್ತು. ಗಾರುಡಿಗ ಅದನ್ನು ಕೇಳಿದ. ಕೊಟ್ಟೆ. ಅವನು ಅದನ್ನು ಮುಷ್ಟಿಯಲ್ಲಿಟ್ಟು ಊದಿದ; ನಾಣ್ಯವಿಲ್ಲ. ಎಲ್ಲರೂ ನಕ್ಕರು. ಅವನು ನನ್ನ ಕಿವಿಯನ್ನೂ ಅಂಗಿಯನ್ನೂ ಹುಡುಕುವ ನಾಟಕ ಮಾಡಿದ. ಇನ್ನೂ ನಕ್ಕರು. ನನಗೆ ಅಮ್ಮನ ಮುಖ ಕಣ್ಣೆದುರಿಗೆ ಬಂತು. ನಾನು ಅಳಲಿಲ್ಲ, ಅಳು ಗಂಟಲಿಗೆ ಬಂದು ನಿಂತಿತ್ತು. ಆ ಮನುಷ್ಯ ನನ್ನ ಮುಖವನ್ನು ಒಮ್ಮೆ ನೋಡಿದ. ಆಟ ಇನ್ನೂ ಬಾಕಿಯಿತ್ತು; ನಿಂಬೆಹಣ್ಣನ್ನು ಕೊಯ್ದು ಅದರೊಳಗಿನಿಂದ ನಾಣ್ಯ ತೆಗೆಯುವುದು ಅವನ ಪದ್ಧತಿಯೆಂದು ಊರಿಗೆಲ್ಲ ಗೊತ್ತಿತ್ತು. ಅದನ್ನು ಅಲ್ಲಿಗೇ ನಿಲ್ಲಿಸಿ, ಬಗ್ಗಿ, ಎಂಟಾಣೆಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿ, "ಬುಡಬ್ಯಾಡ ಮಗ, ಮನೀಗೋಗು" ಎಂದ. ನಿಂಬೆಹಣ್ಣಿಗೆ ಬೇರೆಯವರ ಕಾಸು ಕೇಳಿದ.

ಇದನ್ನು ನಾನು ಅರವತ್ತು ವರ್ಷ ಮರೆತಿದ್ದೆ. ಆಟವನ್ನು ನಡುವೆ ಮುರಿಯುವುದು ಆಟಗಾರನಿಗೆ ಸುಲಭವಲ್ಲ. ಕವಿಗೆ ಪದ್ಯವನ್ನು ನಡುವೆ ಬಿಟ್ಟುಬಿಡಲು ಹೇಳಿದಂತೆ. ಅವನು ಅದನ್ನು ಮುರಿದದ್ದು ಎದುರಿಗೆ ಒಂದು ಮುಖವಿದ್ದುದರಿಂದ, ಮತ್ತು ಅವನು ಆ ಮುಖವನ್ನು ನೋಡುತ್ತಿದ್ದುದರಿಂದ. ಕಣದ ಮೇಲೆ ನನ್ನ ಶಿಷ್ಯ ನೋಡುತ್ತಿದ್ದದ್ದು ಎಲ್ಲಿಗೆ? ಆ ಚಿತ್ರವನ್ನು ನಾನು ಇನ್ನೊಮ್ಮೆ ತರಿಸಿ ನೋಡಿದೆ. ಮುದುಕಿ ಕುಸಿಯುವ ಹೊತ್ತಿನಲ್ಲಿ ಅವನ ಕಣ್ಣು ನೇರವಾಗಿ ಕ್ಯಾಮೆರಾದ ಮೇಲಿದೆ, ಸರಿಯಾಗಿ ಬರುತ್ತಿದೆಯೇ ಎಂದು.

ವಾರ ಕಳೆದು ಅವನು ಬಂದಾಗ ಇದನ್ನೇ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: "ಅಳುವುದನ್ನು ಮಾತ್ರ ತೆಗೆದು ನಗುವುದನ್ನು ಇಟ್ಟುಕೊಳ್ಳಬಹುದಲ್ಲ ಮೇಷ್ಟ್ರೆ?" ಇಟ್ಟುಕೊಳ್ಳಬಹುದು, ಆದರೆ ನಡುವಿನ ಮೂರು ಕ್ಷಣ ಕತ್ತರಿಸಿದ ಕೂಡಲೆ ಜನ ಮತ್ತೆ ಅದೇ ಹಳೆಯ ಮಾತು ಹೇಳುತ್ತಾರೆ, ಕತ್ತರಿಸಿ ಅಂಟಿಸಿದ್ದೆಂದು. ಈ ಬಾರಿ ಆ ಮಾತು ನಿಜವೂ ಆಗಿರುತ್ತದೆ. ಇದನ್ನು ನಾನು ಹೇಳಬೇಕಾಗಲಿಲ್ಲ, ಅವನಿಗೇ ತಿಳಿಯಿತು. ಅವನು ಚಿತ್ರವನ್ನು ಅಳಿಸಿಹಾಕಿದ. ತನ್ನ ಮೊಬೈಲಿನಿಂದ ಅಳಿಸಬಹುದು. ಊರೂರಿಗೆ ಹೋದದ್ದನ್ನು ಹಿಂದಕ್ಕೆ ಕರೆಯುವುದು ಯಾವ ಯಕ್ಷಿಣಿಗೂ ಸಾಧ್ಯವಿಲ್ಲ. ಅದನ್ನು ಮುದುಕಿಗೆ ಹೋಗಿ ಹೇಳಬೇಕೆಂದೆ. ಒಬ್ಬನೇ ಹೋಗಲು ಅವನಿಗೆ ಧೈರ್ಯವಾಗಲಿಲ್ಲ. ನಾನೂ ಛತ್ರಿ ಹಿಡಿದು ಹೊರಟೆ.

ಅಂದೂ ಬಟವಾಡೆಯ ದಿನವೇ. ಆಕೆ ಕಣದ ಅಂಚಿನಲ್ಲಿ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದಳು. ಇವನು ತಪ್ಪಾಯಿತೆಂದ, ಎಲ್ಲವನ್ನೂ ಅಳಿಸಲಾಗದೆಂಬುದನ್ನೂ ಮುಚ್ಚಿಡದೆ ಹೇಳಿದ. ಆಕೆ ಕೇಳಿಸಿಕೊಂಡು, "ಆಗೋಯ್ತು ಬುಡು. ಇನ್ನೊಂದು ದಪ ಮಾಡು, ಇವತ್ತು ಅಳಾಕಿಲ್ಲ" ಎಂದಳು. ಇವನು ಹಿಗ್ಗಿ ಮೊಬೈಲನ್ನು ಒಬ್ಬ ಹುಡುಗನ ಕೈಗೆ ಕೊಟ್ಟು, "ಅಜ್ಜೀ, ಹಂಗಾರೆ ಒಂದು ನೋಟು ಕೊಡಿ" ಎಂದ.

"ನಂದ್ಯಾಕೆ? ನಿಂದು ಸುಡು!"

ಕಣವೆಲ್ಲ ಗೊಳ್ಳೆಂದಿತು. ಬೇರೆ ದಾರಿಯಿಲ್ಲದೆ ಅವನು ತನ್ನ ಜೇಬಿನಿಂದಲೇ ಐನೂರು ತೆಗೆದ. ಬೆಂಕಿ ಹತ್ತಿದಾಗ ಆಕೆ ನೋಟನ್ನು ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತ ನಗುತ್ತಿದ್ದಳು. ಮೇಸ್ತ್ರಿ ನಕ್ಕ, ರೈಟರು ನಕ್ಕರು, ಹಣ್ಣು ಹರವುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಬಂದು ನಕ್ಕರು. ನೋಟು ಈ ಸಲ ಎಲ್ಲಿಂದ ಹೊರಬಂತೆಂಬುದನ್ನು ನಾನು ಹೇಳುವುದಿಲ್ಲ. ಬಂದಾಗ ಆಕೆ ಮೊದಲು ಅದನ್ನು ಬಿಸಿಲಿಗೆ ಹಿಡಿದು ಪರೀಕ್ಷಿಸಿ, ಆಮೇಲೆ ಅವನಿಗೆ ಕೊಟ್ಟಳು.

ಆಟ ಮುಗಿದ ಮೇಲೆ ಎಲ್ಲರೂ ಮೊಬೈಲಿನ ಸುತ್ತ ಬಗ್ಗಿ ನಿಂತರು. ಆಕೆಗೆ ತನ್ನ ಮುಖ ಕಂಡು ಸಂತೋಷವಾಯಿತು. ಇದು ಇರಲಿ ಎಂದಳು. ಆಮೇಲೆ ಚಿತ್ರದ ಮೂಲೆಯಲ್ಲಿ ಬೆರಳಿಟ್ಟು, "ಇದ್ಯಾರು, ಛತ್ರಿ ಹಿಡ್ಕಂಡು ಬಾಯಿ ಬುಟ್ಕಂಡು ನಿಂತವ್ರೆ?" ಎಂದು ಕೇಳಿದಳು.

ನೋಡಿದರೆ ನಾನೇ. ಕೆಳಗಿನ ಎರಡು ಹಲ್ಲು ಹೋಗಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಶಿಷ್ಯ ನನ್ನ ಕಡೆ ತಿರುಗಿ, ನಗು ತಡೆದುಕೊಂಡು, ಬಹಳ ವಿನಯದಿಂದ ಕೇಳಿದ: "ಮೇಷ್ಟ್ರೆ, ನಿಮ್ಮದು ಇರಲೊ, ತೆಗೆಯಲೊ?"

ನಾನು ಮತ್ತೆ ಒಂದು ವಾರ ವಾಯಿದೆ ಕೇಳಿದ್ದೇನೆ.